ಮದುವೆ ಲೈಟು

ಕೋಡಿಬಾಗ, ಕಾರವಾರ
ಗುರುವಾರ, ೧೬ ಮೇ ೨೦೨೪

ನನ್ನ ಆಯಿಗೆ,

ಈ ಕಾಗದವನ್ನು ವಿನೋದನ ಕೈಗೆ ಕೊಟ್ಟು ಓದಿಸಬೇಡ. ತಮ್ಮ ಎಂಬ ಪ್ರೀತಿ ನನಗೂ ಇದೆ. ಆದರೆ ಅವನು ಓದಿದರೆ ಸಂಜೆಯೊಳಗೆ ಬೆಳಸೆಯ ಕ್ರಿಕೆಟ್ ಟೀಮಿಗೆಲ್ಲ ವಿಷಯ ಗೊತ್ತಾಗುತ್ತದೆ. ಕನ್ನಡಕ ಹಾಕಿಕೊಂಡು ನೀನೇ ಓದು. ನಿನಗಾಗಿ ಅಕ್ಷರಗಳನ್ನು ಬಿಡಿಬಿಡಿಯಾಗಿ, ದೊಡ್ಡದಾಗಿ ಬರೆದಿದ್ದೇನೆ. ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕುಳಿತುಕೋ, ಅಲ್ಲಿ ಮಧ್ಯಾಹ್ನದ ಮೇಲೆ ಬೆಳಕು ತಂಪಾಗಿರುತ್ತದೆ. ಸ್ಟುಡಿಯೋ ಸೇರಿದ ಮೇಲೆ ನನಗೆ ಇದೊಂದು ಚಟ ಹತ್ತಿಕೊಂಡಿದೆ. ಎಲ್ಲಿ ಹೋದರೂ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದೇ ಮೊದಲು ನೋಡುತ್ತೇನೆ.

ನೀನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ ಮಾವಿನ ಬುಟ್ಟಿ ಸುರಕ್ಷಿತವಾಗಿ ಬಂತು. ಕೆಳಗಿನ ಸಾಲಿನ ಹಣ್ಣು ಮಾತ್ರ ಸ್ವಲ್ಪ ಮೆತ್ತಗಾಗಿತ್ತು. ಅವನ್ನು ಸ್ಟುಡಿಯೋದಲ್ಲೇ ತಿಂದೆವು. ಬಿಳಿಯದಲ್ಲ, ಅಂಕೋಲೆಯ ಕರಿ ಇಷಾಡು ಮಾವು ಎಂದ ಕೂಡಲೇ ಸ್ಟುಡಿಯೋದ ಒಡತಿ ದಮಯಂತಿ ಅಕ್ಕ ಊಟ ಬಿಟ್ಟು ಎದ್ದು ಬಂದಳು. ನಿನಗೆ ದೇವರು ಒಳ್ಳೆಯದು ಮಾಡಲಿ ಎಂದು ಹೇಳಲು ಹೇಳಿದ್ದಾಳೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟು ಕಾಯಿ ತುರಿಯುತ್ತಿರುತ್ತೀ. ಎದುರಿಗೆ ಸಂಬಂಧ ತಂದ ಮಂಗಲಕ್ಕ ಕೂತಿರುತ್ತಾಳೆ. ನಾನು "ಹೂಂ" ಎಂದರೆ ಅದು ಒಪ್ಪಿಗೆ ಆಗುತ್ತದೆ. "ಊಹೂಂ" ಎಂದರೆ ನಾಚಿಕೆ ಆಗುತ್ತದೆ. ಸುಮ್ಮನಿದ್ದರೆ ನೆಟ್‌ವರ್ಕ್ ಇಲ್ಲ ಎಂದು ನೀನು ಫೋನ್ ಇಡುತ್ತೀ. ನನ್ನಂಥವಳಿಗೆ ಕಾಗದವೇ ವಾಸಿ.

ಫೋಟೋ ಕಳಿಸುತ್ತಿದ್ದೇನೆ. ಎರಡು ರಟ್ಟಿನ ನಡುವೆ ಇದೆ, ಬಿಚ್ಚುವಾಗ ಮೆಲ್ಲಗೆ ಬಿಚ್ಚು. ಆದರೆ ಕಾಗದ ಪೂರ್ತಿ ಓದಿದ ಮೇಲೆ ಬಿಚ್ಚು.

ನೀನು ಹೇಳಿದ ಮಾತು ನೆನಪಿದೆ. "ಕೆಲ್ಸ ಮಾಡೂದು ಫೋಟೋ ಸ್ಟುಡಿಯೋದಲ್ಲಿ, ಹುಡ್ಗನ ಮನೆಗೆ ಕೊಡೂಕೆ ಒಂದು ಫೋಟೋ ಇಲ್ಲ ಅಂದ್ರೆ ಯಾರ್ ನಂಬ್ತ್ರು? ಮೀನ್ ಪೇಟೇಲಿ ಕೂತವ್ಳ ಮನೇಲಿ ಸಾರಿಗೆ ಮೀನಿಲ್ಲ ಅಂದಾಂಗಾಯ್ತು" ಎಂದೆ. ಆಮೇಲೆ ದನಿ ತಗ್ಗಿಸಿ, ಮಂಗಲಕ್ಕನಿಗೆ ಕೇಳಿಸಬಾರದೆಂದು, "ಲೈಟು ಸಮಾ ಜಾಸ್ತಿ ಹಾಕ್ಸ್ಕಣೆ ತಂಗಿ, ಮುಖ ಬೆಳ್ಳಗೆ ಬರ್ಲಿ" ಎಂದೆ. ಸ್ಪೀಕರಿನಲ್ಲಿ ಅದು ಎಲ್ಲರಿಗೂ ಕೇಳಿಸಿತು. ಮಂಗಲಕ್ಕ ಹೌದು ಹೌದು ಎಂದದ್ದು ನನಗೂ ಕೇಳಿಸಿತು.

ಬರುವ ರವಿವಾರ ಮಂಗಲಕ್ಕ ಫೋಟೋ ತೆಗೆದುಕೊಂಡು ಅವರ್ಸಾಕ್ಕೆ ಜಗದೀಶನ ಮನೆಗೆ ಹೋಗುತ್ತಾಳೆ, ಅವರಿಗೆ ಒಪ್ಪಿಗೆಯಾದರೆ ಮಳೆ ಹಿಡಿಯುವ ಮೊದಲು ನೋಡಲು ಬರುತ್ತಾರೆ. ಹಾಗೆಂದಲ್ಲವೇ ನೀನು ಹೇಳಿದ್ದು? ಜಗದೀಶನ ಬಗ್ಗೆ ಕೆಟ್ಟದಾಗಿ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಬ್ಯಾಂಕಿನ ಕೆಲಸ, ಮನೆಯಲ್ಲಿ ಎರಡು ಹಸು, ತಾಯಿಯ ಮಾತಿಗೆ ಎದುರಾಡದ ಹುಡುಗ. ಮಂಗಲಕ್ಕ ಸುಳ್ಳು ಹೇಳುವವಳಲ್ಲ. ಅವನ ಫೋಟೋವನ್ನು ನೀನು ವಿನೋದನ ಮೊಬೈಲಿನಿಂದ ಕಳಿಸಿದ್ದೆಯಲ್ಲ, ನೋಡಿದ್ದೇನೆ. ಎದುರಿನಿಂದ ಒಂದೇ ದೀಪ ಹಾಕಿದ್ದಾರೆ, ಕಿವಿಯ ಹಿಂದೆ ಗೋಡೆಗೆ ನೆರಳು ಬಿದ್ದಿದೆ. ಆ ಫೋಟೋ ನೋಡಿ ನನಗೆ ಹೊಳೆದದ್ದು ಅಷ್ಟೇ. ಹುಡುಗನ ಫೋಟೋ ನೋಡಿ ಹುಡುಗಿಗೆ ಗೋಡೆಯ ನೆರಳು ಮಾತ್ರ ಕಂಡರೆ ಅದಕ್ಕೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ನನ್ನ ಕೆಲಸ ನಿನಗೆ ಪೂರ್ತಿ ಅರ್ಥವಾಗಿಲ್ಲ ಎಂದು ನನಗೆ ಅನುಮಾನ. ಕನ್ನಡ ಎಂ.ಎ. ಮಾಡಿದ ಮಗಳು ಕಾರವಾರದಲ್ಲಿ ಛತ್ರಿ ಹಿಡಿದು ನಿಲ್ಲುತ್ತಾಳೆ ಎಂದು ನೀನು ಚಿಕ್ಕಮ್ಮನ ಹತ್ತಿರ ಹೇಳಿ ನಕ್ಕದ್ದು ನನ್ನ ಕಿವಿಗೆ ಬಂದಿದೆ. ನಾನು ಸೇರಿದ್ದು ಆಲ್ಬಮ್ಮುಗಳಿಗೆ, ಮದುವೆ ಕರೆಯೋಲೆಗಳಿಗೆ ಕನ್ನಡ ಬರೆಯಲು. ಒಂದು ದಿನ ರಿಫ್ಲೆಕ್ಟರ್ ಹಿಡಿಯಲು ಜನ ಇರಲಿಲ್ಲ, ಅಕ್ಕ ನನ್ನನ್ನು ಕರೆದಳು. ಅಂದಿನಿಂದ ಹಿಡಿಯುತ್ತಿದ್ದೇನೆ.

ರಿಫ್ಲೆಕ್ಟರ್ ಎಂದರೆ ಮೊರಕ್ಕಿಂತ ದೊಡ್ಡದಾದ ದುಂಡನೆಯ ಬಟ್ಟೆ. ಅಂಚಿಗೆ ತಂತಿ ಇರುತ್ತದೆ, ತಿರುಚಿ ಮಡಚಿದರೆ ಚೀಲದೊಳಗೆ ಹೋಗುತ್ತದೆ. ಮುಖ್ಯ ದೀಪವನ್ನು ನಾವು ಮುಖದ ನೇರಕ್ಕೆ ಇಡುವುದಿಲ್ಲ, ಒಂದು ಬದಿಗೆ, ಕಣ್ಣಿಗಿಂತ ಸ್ವಲ್ಪ ಮೇಲೆ ಇಡುತ್ತೇವೆ. ಆಗ ಮೂಗಿನ ಇನ್ನೊಂದು ಕಡೆ ನೆರಳು ಬೀಳುತ್ತದೆ. ರಿಫ್ಲೆಕ್ಟರನ್ನು ನೆರಳಿನ ಬದಿಗೆ ಹಿಡಿದರೆ ಅದೇ ದೀಪದ ಬೆಳಕು ತಿರುಗಿ ಬಂದು ನೆರಳನ್ನು ತಿಳಿ ಮಾಡುತ್ತದೆ. ಅದರ ಒಂದು ಮೈ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಇನ್ನೊಂದು ಮೈ ಬರೀ ಬಿಳಿ. ಬೆಳ್ಳಿಯ ಮೈ ಬೆಳಕನ್ನು ಮುಖಕ್ಕೆ ಹೊಡೆಯುತ್ತದೆ. ಬಿಳಿಯ ಮೈ ಸವರುತ್ತದೆ.

ಈ ಕೆಲಸ ನನಗೆ ಯಾಕೆ ಹಿಡಿಸಿತು ಗೊತ್ತೇ? ಎದುರಿಗೆ ಕೂತವರು ರಿಫ್ಲೆಕ್ಟರನ್ನು ನೋಡುತ್ತಾರೆ, ಹಿಂದೆ ನಿಂತ ನನ್ನನ್ನು ನೋಡುವುದಿಲ್ಲ. ನಾನು ಮಾತ್ರ ಅವರ ಮುಖವನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ನಗಿ ಎಂದು ಅಕ್ಕ ಹೇಳುವ ಮೊದಲಿನ ಮುಖ, ನಕ್ಕು ಮುಗಿದ ಮೇಲಿನ ಮುಖ, ಇವೆರಡೂ ನನ್ನ ಪಾಲಿಗೆ. ನಡುವಿನದು ಗಿರಾಕಿಯ ಪಾಲಿಗೆ.

ದೀಪಗಳನ್ನು ನಿಲ್ಲಿಸುವವನು ರೂಪೇಶ, ಅಕ್ಕನ ತಂಗಿಯ ಮಗ. ಮೊದಲು ಅವರ ಮನೆ ಚೆಂಡಿಯಾದಲ್ಲಿತ್ತು. ಭೂಮಿ ನೇವಿಯ ನೆಲೆಗೆ ಹೋದ ಮೇಲೆ ಬೇರೆ ಕಡೆ ಜಾಗ ಸಿಕ್ಕಿತು. ಅವನು ಕೊಂಕಣಿಯಲ್ಲಿ ಗುನುಗುತ್ತ ಕೆಲಸ ಮಾಡುತ್ತಾನೆ. ಸ್ಟ್ಯಾಂಡಿನ ತಿರುಪು ಬಿಗಿ ಮಾಡುವಾಗ ಒಂದು ಹಾಡು, ಸಡಿಲಿಸುವಾಗ ಇನ್ನೊಂದು. ಇದನ್ನು ಯಾಕೆ ಬರೆದೆನೋ. ಇರಲಿ.

ನಮ್ಮ ಸ್ಟುಡಿಯೋದಲ್ಲಿ 'ಮದುವೆ ಲೈಟು' ಎಂದು ಒಂದಿದೆ. ಮದುವೆ ಮನೆಯ ಲೈಟಲ್ಲ ಅದು. ವಾರಕ್ಕೆ ಒಬ್ಬಿಬ್ಬರಾದರೂ ತಾಯಂದಿರು ಮಗಳನ್ನು ಕರೆದುಕೊಂಡು ಬಂದು, ಹುಡುಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಳಗೆ ಬಂದು ಅಕ್ಕನ ಕಿವಿಯಲ್ಲಿ ಹೇಳುತ್ತಾರೆ. ಏನು ಹೇಳುತ್ತಾರೆಂದು ನಿನಗೆ ಬರೆಯಬೇಕಾಗಿಲ್ಲ. ಅಕ್ಕ ಹೊರಗೆ ಮುಖ ಹಾಕಿ, "ರೂಪೇಶಾ, ಮದ್ವೆ ಲೈಟ್ ರೇ" ಎನ್ನುತ್ತಾಳೆ. ಆಗ ಬದಿಯ ದೀಪವನ್ನು ಹಿಂದಕ್ಕೆ ಸರಿಸಿ, ದೊಡ್ಡ ದೀಪಗಳೆರಡನ್ನೂ ಎದುರಿಗೇ ತಂದು ಜೋರಾಗಿ ಬಿಟ್ಟು, ಗದ್ದದ ಕೆಳಗೆ ಬೆಳ್ಳಿಯ ರಿಫ್ಲೆಕ್ಟರ್ ಹಿಡಿಯಬೇಕು. ಮುಖದಲ್ಲಿ ಒಂದು ಎಳೆ ನೆರಳೂ ಉಳಿಯುವುದಿಲ್ಲ. ಯಾರು ಕೂತರೂ ದೋಸೆ ಹಿಟ್ಟಿನಂತೆ ಬೆಳ್ಳಗೆ, ಒಂದೇ ಸಮನಾಗಿ ಬರುತ್ತಾರೆ. ತಾಯಂದಿರು ಸಂತೋಷದಿಂದ ಹೋಗುತ್ತಾರೆ.

ನಾನೂ ಅನೇಕ ಹುಡುಗಿಯರಿಗೆ ಆ ಬೆಳ್ಳಿಯ ಮೈ ಹಿಡಿದಿದ್ದೇನೆ. ಹೋದ ರವಿವಾರ ಸ್ಟೂಲಿನ ಮೇಲೆ ನಾನೇ ಕೂತೆ.

ಮಧ್ಯಾಹ್ನದ ಮೇಲೆ ಗಿರಾಕಿ ಇರಲಿಲ್ಲ. ನಿನ್ನ ನೀಲಿ ಸೀರೆ ಉಟ್ಟಿದ್ದೆ, ಅಬ್ಬಲಿಗೆ ದಂಡೆ ಮುಡಿದಿದ್ದೆ. ಅಕ್ಕ ಕೆಮೆರಾ ಹಿಡಿದು, "ಬಾ ಗೋ, ಇವತ್ತು ನೀ ಗಿರಾಕಿ" ಎಂದು ಕೂರಿಸಿದಳು. ಯಾರಿಗೆ ಫೋಟೋ ಎಂದು ರೂಪೇಶ ಕೇಳಿದ. ಅಕ್ಕ ಹೇಳಿದಳು. "ಅವರ್ಸಾದ ಹುಡ್ಗನ ಮನೆಗೆ. ಬ್ಯಾಂಕಿನವ ಅಂತೆ. ಸಮಾ ಲೈಟ್ ಹಾಕು, ನಮ್ಮ ಸ್ಟುಡಿಯೋದ ಮರ್ಯಾದೆ ಉಂಟು."

ಅವನು ದೀಪದ ಕಡೆಗೆ ತಿರುಗಿದ. ಆಮೇಲೆ, "ಹಂಗಾರೆ ಮದ್ವೆ ಲೈಟೇ ಹಾಕ್ಬೇಕು" ಎಂದ.

ಆಯಿ, ಅಷ್ಟು ನಿಗಾ ಇಟ್ಟು ಅವನು ಯಾರಿಗೂ ಲೈಟು ಹಾಕಿದ್ದನ್ನು ನಾನು ನೋಡಿಲ್ಲ. ದೀಪದ ಮುಂದಿನ ಬಿಳಿ ಬಟ್ಟೆಯ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ. ಎಡದ ಸ್ಟ್ಯಾಂಡನ್ನು ಒಂದಿಷ್ಟು ಸರಿಸಿ, ಮತ್ತೆ ಮೊದಲಿನ ಜಾಗಕ್ಕೇ ತಂದ. ಬಿಗಿಯಾಗಿದ್ದ ತಿರುಪನ್ನೇ ಮತ್ತೆ ಬಿಗಿ ಮಾಡಿದ. ಹಾಡು ಮಾತ್ರ ಇರಲಿಲ್ಲ. ಹುಡುಗನ ಮನೆಯವರಿಗೆ ಮನಸ್ಸಿಗೆ ಬರುವ ಹಾಗೆ ತೆಗೆಯಬೇಕಲ್ಲ ಎಂದು ದೀಪಕ್ಕೆ ಹೇಳಿದ, ನನಗಲ್ಲ.

ಮೊದಲನೆಯ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ ತೋರಿಸಿದರು. ಚಂದವಿತ್ತು. ಸುಳ್ಳು ಹೇಳುವುದಿಲ್ಲ, ನೋಡಿ ಒಂದು ಗಳಿಗೆ ಖುಷಿಯೂ ಆಯಿತು. ನೀನು ಹೇಳಿದ ಹಾಗೇ ಬೆಳ್ಳಗೆ ಬಂದಿದ್ದೆ. ಆಮೇಲೆ ಏನೋ ಇಲ್ಲ ಅನಿಸತೊಡಗಿತು. ಏನೆಂದು ಹುಡುಕಿದರೆ ಎಡಗೆನ್ನೆಯ ಗುಳಿ ಇರಲಿಲ್ಲ. ನಿನ್ನಿಂದ ಬಂದ ಗುಳಿ. ಅದು ಕಾಣಬೇಕಾದರೆ ಅದರೊಳಗೆ ಚೂರು ನೆರಳು ಬೀಳಬೇಕು. ಮದುವೆ ಲೈಟು ಅದನ್ನು ತುಂಬಿಬಿಟ್ಟಿತ್ತು.

ಆಗ ನಿನ್ನ ಫೋಟೋ ನೆನಪಾಯಿತು. ನಿನ್ನ ಮದುವೆಗೆ ಮೊದಲು ಅಂಕೋಲೆಯಲ್ಲಿ ತೆಗೆಸಿದ್ದು. ಪೌಡರಿನ ಮೇಲೆ ಪೌಡರು, ಅದರ ಮೇಲೆ ಎರಡು ದೀಪ. ನೀನೇ ಎಷ್ಟು ಸಲ ಹೇಳಿ ನಗಿಸಿದ್ದೀ. ಮನೆ ತುಂಬಿಸಿಕೊಂಡ ದಿನ ಅಪ್ಪನ ಅಬ್ಬೆ ಕಾಮಿ ಅಜ್ಜಿ ನಿನ್ನ ಗದ್ದ ಎತ್ತಿ ನೋಡಿ, "ಏ ಜಟ್ಟು, ಫೋಟೋದಲ್ಲಿದ್ದ ಹುಡ್ಗಿ ಎಲ್ಲೋ? ಇವ್ಳು ಅವ್ಳ ಅಕ್ಕನೋ?" ಎಂದು ಅಪ್ಪನನ್ನು ಕೇಳಿದ್ದು. ಅಪ್ಪ, "ಬಿಸ್ಲಲ್ಲಿ ನಡ್ಕಂಡ್ ಬಂತಲೇ ಅಬ್ಬೆ, ತೊಳುದ್ರೆ ಸಮಾ ಆಗ್ತದೆ" ಎಂದದ್ದು. ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು. ನೀನು ಹೇಳುವುದೇ ಹಾಗೆ, ಅಜ್ಜಿಯ ದನಿ ಮಾಡಿ.

ಆದರೆ ಅಜ್ಜಿ ಸಾಯುವ ತನಕ ನಿನ್ನನ್ನು 'ಸ್ಟುಡಿಯೋದವಳು' ಎಂದೇ ಕರೆಯುತ್ತಿದ್ದಳು. ಅದನ್ನು ಮಾತ್ರ ನೀನು ಅಜ್ಜಿಯ ದನಿಯಲ್ಲಿ ಹೇಳಿದ್ದಿಲ್ಲ. ನಾನು ಸಣ್ಣವಳಿದ್ದಾಗ ಅದು ಹೊಗಳಿಕೆ ಎಂದುಕೊಂಡಿದ್ದೆ. ಯಾವ ಮದುವೆಯ ಆಲ್ಬಮ್ಮಿನಲ್ಲೂ ನೀನು ಮುಂದಿನ ಸಾಲಿನಲ್ಲಿಲ್ಲ. ಯಾರದೋ ಭುಜದ ಹಿಂದೆ ನಿನ್ನ ಅರ್ಧ ಮುಖ, ಇಲ್ಲವೇ ಬರೀ ಸೆರಗು. ಈಗ ಫೋಟೋಗಳನ್ನು ನೋಡುವುದೇ ನನ್ನ ಕೆಲಸವಾದ್ದರಿಂದ ಇದು ಕಣ್ಣಿಗೆ ಬಿತ್ತು. ಬಿದ್ದದ್ದನ್ನು ಹೇಳಿದೆ, ಬೇಸರ ಮಾಡಿಕೊಳ್ಳಬೇಡ.

ಅಕ್ಕ ಇನ್ನೊಂದು ತೆಗೆಯೋಣ, ಸ್ವಲ್ಪ ನಗು ಎಂದಳು. ಮತ್ತೆ ಕೂತೆ. ಎರಡು ದೀಪ ಎದುರಿಗೆ, ಕೆಳಗಿನಿಂದ, ಮಡಿಲಲ್ಲಿಟ್ಟುಕೊಂಡ ರಿಫ್ಲೆಕ್ಟರಿನ ಬೆಳ್ಳಿ ಹೊಳಪು. ಕಣ್ಣು ಉರಿದು ನೀರು ಬಂತು. ಅಳುತ್ತಿದ್ದಾಳೆ ಎಂದುಕೊಂಡಾರು ಎಂದು ನಾನು ಗಡಬಡಿಸಿ, "ಆ ದೀಪ ಒಂಚೂರು ದೊಡ್ಡ ಮಾಡಿ" ಎಂದೆ.

ನೀನೇ ಕಲಿಸಿದ ಮಾತಲ್ಲವೇ? ದೀಪ 'ಆರಿಸು' ಅನ್ನಬಾರದು, ಅದು ಅಪಶಕುನ, ಆರಿಸಬೇಕಾದಾಗ 'ದೊಡ್ಡ ಮಾಡು' ಅನ್ನಬೇಕು ಎಂದು. ಆರಿಸು ಎಂದದ್ದಕ್ಕೆ ಚಿಕ್ಕಂದಿನಲ್ಲಿ ಬಾಯಿಯ ಮೇಲೆ ತಟ್ಟಿಸಿಕೊಂಡವಳು ನಾನು. ಎಂ.ಎ.ಯಲ್ಲಿ ಇಂಥ ಮಾತುಗಳ ಬಗ್ಗೆ ಪಾಠವೇ ಇತ್ತು. ಆದರೆ ಕಣ್ಣು ಉರಿಯುವಾಗ ಪಾಠ ಯಾರಿಗೆ ನೆನಪಾಗುತ್ತದೆ?

ರೂಪೇಶ ಗುಂಡಿ ತಿರುಗಿಸಿ ದೀಪವನ್ನು ನಿಜಕ್ಕೂ ದೊಡ್ಡ ಮಾಡಿದ.

"ಅಯ್ಯೋ, ದೊಡ್ಡ ಮಾಡಿ ಅಂದ್ನಲ್ಲ!" ಎಂದೆ. ಅವನು ಎರಡನೆಯದನ್ನೂ ತಿರುಗಿಸಿದ.

"ದೊಡ್ಡ ಮಾಡೋ ಮಾರಾಯಾ!" ಎಂದು ಕೈಯಿಂದ ಮುಖ ಮುಚ್ಚಿಕೊಂಡು ಕೂಗಿದೆ. ಅವನನ್ನು ಹಾಗೆ ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಇದ್ಕಿಂತ ದೊಡ್ಡ ಇಲ್ಲ ಮಾರಾಯ್ತಿ! ಇನ್ನು ಸೂರ್ಯನ್ನೇ ತರ್ಬೇಕು!" ಎಂದು ಅವನೂ ಕೂಗಿದ.

ದಮಯಂತಿ ಅಕ್ಕ ಕೆಮೆರಾ ಇಳಿಸಿ, "ಬೆಳ್ಳಗಾಗೂಕೆ ಎಷ್ಟು ಆಸೆ ನೋಡು ಈ ಹುಡ್ಗಿಗೆ!" ಎಂದಳು.

ನಾನು ಕಣ್ಣು ಮುಚ್ಚಿಕೊಂಡೇ ನಮ್ಮ ಮನೆಯ ಪದ್ಧತಿ ಹೇಳಿದೆ. ಆಮೇಲೆ ರೂಪೇಶನ ನಗು ಶುರುವಾಯಿತು. "ದೇವರ ದೀಪಕ್ಕೆ ಸಮಾ, ಲೈಟಿಗೂ ಹಂಗೇ ಹೇಳ್ತ್ರಾ ನಿಮ್ಮಲ್ಲಿ?" ಎಂದ. ನಮ್ಮ ಆಯಿ ಬ್ಯಾಟರಿಗೂ ಹಾಗೇ ಹೇಳುತ್ತಾಳೆ ಎಂದೆ. "ಹಂಗಾರೆ ದೊಡ್ಡ ಮಾಡ್ಬೇಕಾರೆ ಎಂತ ಹೇಳ್ತ್ರಿ?" ಎಂದ. ನಮ್ಮ ಮನೆಯಲ್ಲಿ ದೀಪ ದೊಡ್ಡ ಮಾಡುವುದಕ್ಕೆ ಏನು ಹೇಳುತ್ತೇವೆ ಆಯಿ? ನೀನೆಂದೂ ಜಾಸ್ತಿ ಉರಿಸಲು ಬಿಟ್ಟವಳೇ ಅಲ್ಲ.

ನಗುತ್ತಲೇ ಅವನು ಎದುರಿನ ಎರಡೂ ದೀಪಗಳನ್ನು 'ದೊಡ್ಡ ಮಾಡಿದ'. ಕೋಣೆ ತಣ್ಣಗಾಯಿತು. ಹಿಂದೆ ಸರಿಸಿಟ್ಟಿದ್ದ ಬದಿಯ ದೀಪವನ್ನು ಮೊದಲಿನ ಜಾಗಕ್ಕೆ ತಂದು ಮೆತ್ತಗೆ ಬಿಟ್ಟ. ರಿಫ್ಲೆಕ್ಟರನ್ನು ತಿರುಗಿಸಿ ಬಿಳಿಯ ಮೈ ನನ್ನ ಕಡೆ ಮಾಡಿ ನೆರಳಿನ ಬದಿಗೆ ಬಂದು ಕೂತ. ನಾನು ದಿನವೂ ನಿಲ್ಲುವ ಜಾಗ ಅದು. ಅಲ್ಲಿಂದ ಮುಖ ಎಷ್ಟು ಹತ್ತಿರ ಕಾಣುತ್ತದೆ ಎಂದು ನನಗೆ ಗೊತ್ತಿದೆ, ಅದಕ್ಕೇ ಎಲ್ಲಿ ನೋಡುವುದೆಂದು ತಿಳಿಯದಾಯಿತು. ಈಗ ಕಣ್ಣಿಗೆ ಹೊಡೀತದಾ ಎಂದು ಮೆಲ್ಲಗೆ ಕೇಳಿದ. ಇಲ್ಲ ಎಂದೆ.

ಅಕ್ಕ ಕೆಮೆರಾದೊಳಗಿನಿಂದಲೇ, "ಹಾಂ, ಈಗ ಬಂತು ನೋಡು ಕರಿ ಇಷಾಡು! ಬಿಳಿ ಇಷಾಡು ಬೇಕಾದವ ಸಂತೆಗೆ ಹೋಗ್ಲಿ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಆಗ ಬಿದ್ದದ್ದು ಈ ಫೋಟೋ.

ಹೊರಗೆ ಯಾರೋ ಬಂದು ಕರೆದರು, ಅಕ್ಕ ಹೋದಳು. ರೂಪೇಶ ರಿಫ್ಲೆಕ್ಟರ್ ಮಡಚುತ್ತ, ಯಾವುದನ್ನು ಕಳಿಸುತ್ತೀ ಎಂದು ಕೇಳಿದ. ಇನ್ನೂ ಗೊತ್ತಿಲ್ಲ ಎಂದೆ. ಅದು ಸುಲಭವಾಗಿ ಮಡಚುವ ವಸ್ತು, ಅವನಿಗೆ ಯಾಕೋ ಎರಡು ಸಲ ಬಿಚ್ಚಿಕೊಂಡಿತು. ಆಮೇಲೆ, "ಆ ಬೆಳ್ಳಗಿನವ್ಳನ್ನೇ ಕಳ್ಸು. ಅವ್ರಿಗೆ ಅವ್ಳೇ ಇರ್ಲಿ" ಎಂದು ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ತಮಾಷೆಗೆ ಹೇಳಿದ್ದು. ತಮಾಷೆಗೇ ಇರಬೇಕು. ಮಾರನೆಯ ದಿನ ಎಂದಿನಂತೆ ಬಂದು ಸ್ಟ್ಯಾಂಡುಗಳನ್ನು ನಿಲ್ಲಿಸಿದ. ಹಾಡು ಮಾತ್ರ ಇನ್ನೂ ಶುರುವಾಗಿಲ್ಲ.

ಬೆಳ್ಳಗಿನ ಫೋಟೋ ಕಂಪ್ಯೂಟರಿನಲ್ಲಿದೆ. ಅದೇ ಬೇಕೆಂದು ನೀನು ಹೇಳಿದರೆ ಮರುಮಾತಿಲ್ಲದೆ ಕಳಿಸುತ್ತೇನೆ, ನಿನ್ನ ಮಾತು ಮೀರಿ ನನಗೆ ಅಭ್ಯಾಸವಿಲ್ಲ. ನಿನ್ನ ಆ ಹಳೆಯ ಫೋಟೋವನ್ನು ಒಪ್ಪಿದ್ದಕ್ಕೇ ಅಪ್ಪನ ಮನೆಯವರು ಬಂದರು, ನಾನು ಹುಟ್ಟಿದೆ. ಹಾಗಾಗಿ ಪೌಡರಿಗೂ ನನಗೂ ಋಣವಿದೆ. ಆದರೆ ಯಾರದೋ ಅಂಗಳದಲ್ಲಿ ಯಾರೋ ನನ್ನ ಗದ್ದ ಎತ್ತಿ, ಫೋಟೋದ ಹುಡುಗಿ ಎಲ್ಲಿ ಎಂದು ಕೇಳುವುದು ನನ್ನಿಂದ ಆಗದು. ನಿನ್ನ ಹಾಗೆ ಅದನ್ನು ಕಥೆ ಮಾಡಿ ನಗಿಸುವ ಶಕ್ತಿ ನನಗಿಲ್ಲ. ಅದಕ್ಕೇ ಗುಳಿ ಇರುವ ಫೋಟೋ ಕಳಿಸಿದ್ದೇನೆ. ಇನ್ನು ಬಿಚ್ಚು. ಮೊದಲು ನೀನೊಬ್ಬಳೇ ನೋಡು. ನೋಡಿದ ಮೇಲೆ ಫೋನ್ ಮಾಡು, ಆದರೆ ಸ್ಪೀಕರ್ ಬೇಡ. ಮಗಳು ಹೂಂ ಅಂದದ್ದೋ ಊಹೂಂ ಅಂದದ್ದೋ ನಿನ್ನ ಕಿವಿಗೆ ಮಾತ್ರ ಬೀಳಲಿ.

ಒಂದು ಸಲ ಕಾರವಾರಕ್ಕೆ ಬಾ. ಬೆಳಗಿನ ಬಸ್ಸಿಗೆ ಬಂದರೆ ಸಂಜೆ ಕಾಳಿ ನದಿಯ ದಂಡೆಗೆ ಹೋಗಿ ಬರಬಹುದು. ನಿನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಬದಿಯ ದೀಪ ಹಾಕಿ ನಾನೇ ಬಿಳಿಯ ಮೈ ಹಿಡಿಯುತ್ತೇನೆ. ಪೌಡರು ತರಬೇಡ. ಅಪ್ಪನ ಕಾಲಿನ ಆಣಿಗೆ ಎಣ್ಣೆ ಹಚ್ಚಲು ಹೇಳು.

ನಿನ್ನ ಮಡಿಲಿನ,
ನಂದಿನಿ

ತಾ.ಕ.: ಮರೆತಿದ್ದೆ ಎಂದು ಬರೆಯಲು ಹೊರಟಿದ್ದೆ. ಮರೆತಿರಲಿಲ್ಲ. ಫೋಟೋದ ಬಲ ಅಂಚಿನಲ್ಲಿ, ಕೆಳಗೆ, ರಿಫ್ಲೆಕ್ಟರಿನ ತುದಿಯೂ ಅದನ್ನು ಹಿಡಿದ ಒಂದು ಹೆಬ್ಬೆರಳೂ ಬಂದಿದೆ. ಅಕ್ಕ ಅಷ್ಟನ್ನು ಕತ್ತರಿಸಿ ಪ್ರಿಂಟ್ ಹಾಕುವವಳಿದ್ದಳು, ನಾನೇ ಇರಲಿ ಎಂದೆ. ಇನ್ನೊಬ್ಬರ ಬೆರಳಿರುವ ಫೋಟೋವನ್ನು ಹುಡುಗನ ಮನೆಗೆ ಒಯ್ಯುವ ಹಾಗಿಲ್ಲ ಎಂದು ನನಗೂ ಗೊತ್ತು. ಮಂಗಲಕ್ಕ ನೋಡಿದ ಕೂಡಲೇ ಕತ್ತರಿ ಕೇಳುತ್ತಾಳೆ. ಕೊಡಬೇಡ, ಆಯಿ.